ಡಿಟಿಪಿ ಅಂಗಡಿಗೆ ಯಾವ ತಂತ್ರಾಂಶ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುವುದು ದಡ್ಡತನ, ಬೇಕಾದ್ದೆಲ್ಲ ಪುಕ್ಕಟೆ ಸಿಗುತ್ತದೆ ಎಂದು ತಮ್ಮ ಪತ್ರಿಕೆಗೆ ಓದುಗರೊಬ್ಬರು ಬರೆದಿದ್ದರು. ಪುಕ್ಕಟೆ ಬಂದದ್ದಕ್ಕೆ ವಾರಸುದಾರರಿಲ್ಲ, ಕೆಟ್ಟರೆ ಯಾರನ್ನು ಕೇಳುವುದು ಎಂದು ಇನ್ನೊಬ್ಬರು ಜವಾಬು ಕೊಟ್ಟರು. ಇಬ್ಬರೂ ತಿಳಿದವರೇ. ಆದರೆ ತಂತ್ರಾಂಶ ನಂಬಿಕೊಂಡೇ ಹೊಟ್ಟೆ ಹೊರೆಯುವ ನನ್ನಂಥವರ ಪಾಡು ಎರಡೂ ಪತ್ರಗಳಲ್ಲಿ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಕತ್ತರಿ ತಮ್ಮ ಕೈಯಲ್ಲಿದೆ.

ಗುಬ್ಬಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆ ಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಹಾಲಿನ ಡೇರಿಯ ವಾರ್ಷಿಕ ವರದಿ, ಇವೇ ನನ್ನ ಕೆಲಸ. ಟೈಪ್ ಮಾಡಿ, ಪ್ರೂಫ್ ತೋರಿಸಿ, ತಿದ್ದಿ, ಪಿಡಿಎಫ್ ಮಾಡಿ ತುಮಕೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸುತ್ತೇನೆ. ಅಚ್ಚಾದ ಬಂಡಲು ಬಸ್ಸಿನಲ್ಲಿ ಬರುತ್ತದೆ.

ಉಚಿತದ್ದೋ ಕೊಂಡದ್ದೋ ಎಂಬ ಪ್ರಶ್ನೆ ನಮ್ಮ ಕಡೆಯ ಅಂಗಡಿಗಳಲ್ಲಿ ಏಳುವುದೇ ಇಲ್ಲ ಸ್ವಾಮಿ. ಕಂಪ್ಯೂಟರ್ ಫಾರ್ಮ್ಯಾಟ್ ಹೊಡೆಯಲು ಬರುವ ಹುಡುಗ ಫೋಟೋಶಾಪ್, ಕೋರಲ್, ಪೇಜ್‌ಮೇಕರ್, ಆಫೀಸ್ ಎಲ್ಲವನ್ನೂ ಒಂದೇ ಪೆನ್‌ಡ್ರೈವಿನಲ್ಲಿ ತಂದಿರುತ್ತಾನೆ. 'ಕ್ರ್ಯಾಕ್ ಹಾಕಿದೀನಿ ಅಕ್ಕಾ. ಅಪ್‌ಡೇಟ್ ಕೇಳಿದ್ರೆ ಬೇಡ ಅನ್ನಿ. ಆಂಟಿವೈರಸ್ ಆಫ್ ಮಾಡಿಡಿ' ಎಂದು ಉಪದೇಶ ಮಾಡಿ, ಕೂಲಿ ಇಸಕೊಂಡು ಹೋಗುತ್ತಾನೆ. ನಿಮ್ಮ ಇಬ್ಬರು ಓದುಗರೂ ಬೀಗ ಮುರಿದ ಕಳ್ಳ ಪ್ರತಿಯ ಈ ಮೂರನೆಯ ದಾರಿಯ ಮಾತೇ ಎತ್ತಲಿಲ್ಲ. ಜನ ನಡೆಯುವುದೆಲ್ಲ ಅದರಲ್ಲೇ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 63ಬಿ ಎಂಬ ಕಲಮಿದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಅಂಗಡಿ ವ್ಯವಹಾರಕ್ಕೆ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದಕ್ಕಾಗಿ ಪೊಲೀಸರು ಅಂಗಡಿ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಪೊಲೀಸರಿಗಿಂತ ಮೊದಲು ವೈರಸ್ ಹತ್ತುತ್ತದೆ. ಆಂಟಿವೈರಸ್ ಆಫ್ ಮಾಡಿಸಿದವನೇ ಅದಕ್ಕೆ ಬಾಗಿಲು ತೆಗೆದಿಟ್ಟು ಹೋಗಿರುತ್ತಾನಲ್ಲ. ನಮ್ಮ ತಾಲ್ಲೂಕಿನದೇ ಒಂದು ಅಂಗಡಿಯಲ್ಲಿ ಮದುವೆ ಸೀಜನ್ನಿನ ನಡುಮಧ್ಯೆ ಫೈಲುಗಳೆಲ್ಲ ಬೀಗ ಬಿದ್ದು ಕೂತವು. ಬಿಡಿಸಬೇಕಾದರೆ ಡಾಲರಿನಲ್ಲಿ ಹಣ ಕಟ್ಟಿ ಎಂಬ ಸೂಚನೆ ಸ್ಕ್ರೀನಿನ ಮೇಲೆ. ಹೆಣ್ಣಿನ ಕಡೆಯವರು ಬಂದು ಕೂತಿದ್ದಾರೆ, ಕಾರ್ಡು ಹಂಚಬೇಕು. ಆ ಅಂಗಡಿಯವರು ಹಳೆಯ ಪ್ರೂಫ್ ಹಾಳೆ ಹಿಡಿದುಕೊಂಡು ನನ್ನಲ್ಲಿಗೆ ಬಂದರು, ರಾತ್ರಿ ಕೂತು ಮತ್ತೆ ಟೈಪ್ ಮಾಡಿಕೊಟ್ಟೆ. ಇಂಥದ್ದನ್ನು ಉಚಿತ ಎನ್ನುವವರ ಲೆಕ್ಕ ನನಗೆ ತಿಳಿಯುವುದಿಲ್ಲ.

ಇನ್ನು ಹಣ ಕೊಟ್ಟು ಕೊಂಡ ತಂತ್ರಾಂಶಕ್ಕೆ ವಾರಸುದಾರರಿರುತ್ತಾರೆ ಎಂಬ ಮಾತು. ಇರುತ್ತಾರೆ, ಅವರಿಗೆ ಬೇಕಾದಷ್ಟು ದಿನ. ಪುಟ ಕಟ್ಟುವ ಪೇಜ್‌ಮೇಕರ್ ಇಲ್ಲದೆ ಒಂದು ಕಾಲಕ್ಕೆ ಕನ್ನಡದ ಡಿಟಿಪಿಯೇ ಇರಲಿಲ್ಲ. ಅದರ 7ನೇ ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆ. ಅದರ ಮಾಲೀಕರಾದ ಅಡೋಬಿ ಕಂಪನಿಯವರು ತಮ್ಮ ಇನ್ನೊಂದು ತಂತ್ರಾಂಶ ಇನ್‌ಡಿಸೈನ್ ಕಡೆ ತಿರುಗಿದರು, ಪೇಜ್‌ಮೇಕರನ್ನು ಕೈಬಿಟ್ಟರು. ಅವರ ವ್ಯಾಪಾರ, ಅವರಿಷ್ಟ. 2013ರಿಂದ ತಮ್ಮ ಫೋಟೋಶಾಪ್, ಇನ್‌ಡಿಸೈನ್‌ಗಳ ಹೊಸ ಆವೃತ್ತಿಗಳನ್ನು ಒಂದೇ ಸಲಕ್ಕೆ ಮಾರುವುದನ್ನೂ ನಿಲ್ಲಿಸಿ ಬಾಡಿಗೆಗೆ ಕೊಡುತ್ತಿದ್ದಾರೆ. ಬಾಡಿಗೆ ಕಟ್ಟುವುದು ನಿಂತರೆ ತಂತ್ರಾಂಶವೂ ನಿಂತಿತು. ಅದರೊಳಗೆ ಕಟ್ಟಿಟ್ಟ ನಮ್ಮ ಪುಟಗಳ ಗತಿ?

ನಮ್ಮ ಹೋಬಳಿಯ ಪ್ರೌಢಶಾಲೆಯೊಂದರ ಹಳೆ ವಿದ್ಯಾರ್ಥಿಗಳು ಒಂದು ಸಿ.ಡಿ. ತಂದರು. ಶಾಲೆಯ ಹಳೆಯ ಸ್ಮರಣ ಸಂಚಿಕೆ ಅದರಲ್ಲಿದೆ, ನಾಲ್ಕಾರು ಹೊಸ ಲೇಖನ ಸೇರಿಸಿ ಮತ್ತೆ ಮಾಡಿಕೊಡಿ ಮೇಡಂ ಅಂದರು. ಟೈಪ್ ಮಾಡಿದ ಅಂಗಡಿ ಮುಚ್ಚಿಹೋಗಿದೆ. ಈಗಿನ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ, ಅದನ್ನೂ ಹುಡುಕಿ ತಂದದ್ದಾಯಿತು. ಪೇಜ್‌ಮೇಕರ್ ಫೈಲು. ಉಚಿತವಾಗಿ ಸಿಗುವ ಲಿಬ್ರೆಆಫೀಸಿನ ಚಿತ್ರ ಬಿಡಿಸುವ ಭಾಗ ಡ್ರಾದಲ್ಲಿ ತೆರೆದೆ, ತೆರೆಯಿತು! ಬೀದಿಬೀದಿಯಲ್ಲಿ ಮಾರಿದ ಕಂಪನಿಯೇ ಕೈತೊಳೆದುಕೊಂಡ ಫೈಲುಗಳನ್ನು ಓದುವ ವ್ಯವಸ್ಥೆ 2015ರಲ್ಲೇ ಈ ಉಚಿತ ತಂತ್ರಾಂಶಕ್ಕೆ ಬಂದಿದೆ. ಚೌಕಟ್ಟು, ಗೆರೆ, ಹೆಡ್ಡಿಂಗ್ ಬಹುಮಟ್ಟಿಗೆ ಇದ್ದಲ್ಲೇ ಇದ್ದವು. ಅಕ್ಷರ ಮಾತ್ರ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಟೋಪಿ, ಕೊಂಬು ಇಟ್ಟ ಹಾಗೆ ಗಜಿಬಿಜಿ.

ಈ ಗಜಿಬಿಜಿ ಏಕೆಂದು ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಾಡಿನ ಎಷ್ಟೋ ಸ್ಮರಣ ಸಂಚಿಕೆ, ವಂಶಾವಳಿ, ದೇವಸ್ಥಾನದ ಇತಿಹಾಸಗಳು ಇದೇ ಗಂಡಾಂತರದಲ್ಲಿವೆ. ನಾವು ಆಸ್ಕಿ ಎಂದು ಕರೆಯುವ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತಲೆಕಟ್ಟು, ಇಳಿ, ಒತ್ತುಗಳ ಚಿತ್ರ ಕೂರಿಸಿರುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗಜಿಬಿಜಿ. ಒಂದು ಫಾಂಟಿನ ಮನೆ ಇನ್ನೊಂದರಲ್ಲಿ ಬೇರೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಾದರೆ ಕನ್ನಡಕ್ಕೆಂದೇ 128 ಮನೆಗಳ ಕೇರಿ ಇದೆ, ಅಲ್ಲಿಗೆ ಬೇರೆ ಲಿಪಿ ಬರುವಂತಿಲ್ಲ. ಹಳೆಯದನ್ನು ಇದಕ್ಕೆ ತಿರುಗಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಬರೆದು ಉಚಿತವಾಗಿ ಬಿಟ್ಟಿದ್ದಾರೆ. ತಿರುಗಿಸಿದರೂ ಕಣ್ಣಿಟ್ಟು ಓದಬೇಕು. 'ಧರ್ಮ' ಎಂಬುದನ್ನು ಆಸ್ಕಿಯಲ್ಲಿ ಧ, ಮ, ಆಮೇಲೆ ಅರ್ಕಾವತ್ತು ಎಂದು ಕಣ್ಣಿಗೆ ಕಂಡಂತೆ ಜೋಡಿಸಿರುತ್ತಾರೆ. ಯೂನಿಕೋಡಿನಲ್ಲಿ ಬಾಯಲ್ಲಿ ಬಂದಂತೆ ರಕಾರ ಮೊದಲು, ಮಕಾರ ಆಮೇಲೆ. ಪರಿವರ್ತಕ ಎಡವುವುದು ಇಲ್ಲೇ. 'ಕಾರ್ಯದರ್ಶಿ' 'ವರ್ಷ' 'ನಿರ್ಮಾಣ' ಬಂದಲ್ಲೆಲ್ಲ ಬೆರಳಿಟ್ಟು ನೋಡಿದೆ. ಸಂಚಿಕೆ ಆಯಿತು, ಈಗ ಅದರಲ್ಲಿ ಯಾವ ಮೇಷ್ಟ್ರ ಹೆಸರನ್ನಾದರೂ ಹುಡುಕಿದರೆ ಸಿಗುತ್ತದೆ.

ಹಾಗಾಗಿ ತಂತ್ರಾಂಶ ಆರಿಸುವಾಗ ಬೆಲೆಯನ್ನು ನಾನು ಎರಡನೆಯದಾಗಿ ನೋಡುತ್ತೇನೆ. ಇದರೊಳಗೆ ಹಾಕಿದ್ದು ನಾಳೆ ಇದು ಇಲ್ಲದಿದ್ದರೂ ಹೊರಗೆ ಬರುತ್ತದೆಯೇ ಎಂಬುದು ಮೊದಲನೆಯದು. ಅಲ್ಲಿ ಉಚಿತ ತಂತ್ರಾಂಶದ್ದೇ ಮೇಲುಗೈ. ಓಪನ್‌ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಕತೆ ನೋಡಿ. ಅದನ್ನು ಸಾಕುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಹೊಸ ಯಜಮಾನರ ರೀತಿ ಹಿಡಿಸದೆ ಅದಕ್ಕೆ ದುಡಿಯುತ್ತಿದ್ದ ಹಲವರು 2010ರಲ್ಲಿ ಅದೇ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಹೊತ್ತುಕೊಂಡು ಬಂದು ಲಿಬ್ರೆಆಫೀಸ್ ಎಂದು ಬೇರೆ ಒಲೆ ಹಚ್ಚಿದರು. ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಅದು ಸಾಧ್ಯವಾಯಿತು. ಪೇಜ್‌ಮೇಕರಿನ ಕೋಡ್ ಕಂಪನಿಯ ತಿಜೋರಿಯಲ್ಲಿತ್ತು, ಅಲ್ಲೇ ಉಳಿಯಿತು.

ಇಷ್ಟು ಹೇಳಿದ ಮೇಲೆ ನಾನು ಉಚಿತ ತಂತ್ರಾಂಶದ ಭಕ್ತೆ ಎಂದು ತಿಳಿಯಬೇಡಿ. ಮೊದಲನೆಯ ಓದುಗರು ನಮ್ಮ ಅಂಗಡಿಯಲ್ಲಿ ಒಂದು ಸೀಜನ್ ಕೂತು ನೋಡಲಿ. ಗಿರಾಕಿ ತರುವುದು ಫೋಟೋಶಾಪಿನ ಪಿಎಸ್‌ಡಿ, ಕೋರಲಿನ ಸಿಡಿಆರ್ ಫೈಲು. ಲೀಡರುಗಳ ಫೋಟೋ ಸಾಲಾಗಿ ಜೋಡಿಸಿದ ಫ್ಲೆಕ್ಸ್ ಡಿಸೈನನ್ನು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ನೆರಳು ಮಾಯ, ಅಂಚು ಬೇರೆ. 'ನಮ್ಮಣ್ಣನ ಹಿಂದೆ ಲೈಟ್ ಇತ್ತಲ್ಲ, ಎಲ್ಲಿ?' ಎಂದು ಜಗಳಕ್ಕೇ ಬರುತ್ತಾರೆ. ಲಿಬ್ರೆಆಫೀಸಿನ ತತ್ವ ಹೇಳಿ ಅವರನ್ನು ಸಮಾಧಾನ ಮಾಡಲಾಗುವುದಿಲ್ಲ.

ಬಣ್ಣದ್ದು ಇನ್ನೂ ದೊಡ್ಡ ತಲೆನೋವು. ಸ್ಕ್ರೀನಿನಲ್ಲಿ ಕಾಣುವುದು ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ. ಪ್ರೆಸ್ಸಿನಲ್ಲಿ ಬೀಳುವುದು ನಾಲ್ಕು ಪ್ಲೇಟಿನ ಶಾಯಿ. ಫೋಟೋ ತಿದ್ದುವ ಉಚಿತ ಜಿಂಪ್ ಹುಟ್ಟಿನಿಂದ ಬೆಳಕಿನ ಬಣ್ಣದಲ್ಲೇ ಕೆಲಸ ಮಾಡುವ ತಂತ್ರಾಂಶ. ಲಗ್ನಪತ್ರಿಕೆಯ ನವಿಲಿನ ಕೊರಳು ಸ್ಕ್ರೀನಿನಲ್ಲಿ ಮಿಂಚುತ್ತಿರುತ್ತದೆ, ಅಚ್ಚಾಗಿ ಬಂದಾಗ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಮಂಕು. ಪುಟ ಕಟ್ಟುವ ಸ್ಕ್ರೈಬಸ್ ನಾಲ್ಕು ಬಣ್ಣದ ಪಿಡಿಎಫ್ ಅಚ್ಚುಕಟ್ಟಾಗಿ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಬಹಳ ಕಾಲ ಅದರಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಅದು ಸರಿಹೋದ ಸ್ಥಿರ ಆವೃತ್ತಿ 1.6 ನಮ್ಮ ಕೈಗೆ ಬಂದದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಯಾವ ಅಂಗಡಿ ಕಾಯುತ್ತದೆ? ಸರಿಹೋದದ್ದು ಹಾರ್ಫ್‌ಬಜ್ ಎಂಬ ಒಂದು ಚಿಕ್ಕ ಉಚಿತ ಸಲಕರಣೆಯಿಂದ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡದ ಒತ್ತುಗಳನ್ನು ಜಾಗಕ್ಕೆ ಕೂರಿಸುವುದೂ ಅದೇ. ಬಾಡಿಗೆ ವಸೂಲಿ ಮಾಡುವ ಅಡೋಬಿಯವರೂ ಈಗ ಅದನ್ನೇ ಬಳಸುತ್ತಾರೆ ಎಂದು ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಅಂಗಡಿಯ ಏರ್ಪಾಡು ಹೀಗಿದೆ. ಎರಡು ಕಂಪ್ಯೂಟರಿನಲ್ಲಿ ಒಂದಕ್ಕೆ ವಿಂಡೋಸ್ ಬದಲು ಉಚಿತದ ಲಿನಕ್ಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ವಿಂಡೋಸ್ 11ಕ್ಕೆ ಈ ಹಳೆಯ ಯಂತ್ರ ಆಗುವುದಿಲ್ಲ ಎಂದರು. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಅದರಲ್ಲಿ ಮೊದಲೇ ಇದೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಪ್ರಶ್ನೆಪತ್ರಿಕೆ, ವರದಿ, ಅರ್ಜಿ, ಒಳಪುಟಗಳ ಕೆಲಸವೆಲ್ಲ ಅದರಲ್ಲೇ. ಕಲರ್ ಪ್ರಿಂಟರಿಗೆ ಮಾತ್ರ ಡ್ರೈವರ್ ಸಿಗಲಿಲ್ಲ, ಅದಕ್ಕೆ ಇನ್ನೊಂದು ಕಂಪ್ಯೂಟರಿಗೇ ಹೋಗಬೇಕು. ಆ ಇನ್ನೊಂದರಲ್ಲಿ ಮದುವೆ ತಿಂಗಳುಗಳಿಗೆ ಡಿಸೈನ್ ತಂತ್ರಾಂಶದ ಬಾಡಿಗೆ ಕಟ್ಟುತ್ತೇನೆ, ಆಷಾಢದಲ್ಲಿ ನಿಲ್ಲಿಸುತ್ತೇನೆ. ತಿಂಗಳ ಲೆಕ್ಕದಲ್ಲಿ ತುಸು ದುಬಾರಿ, ಆದರೆ ಕೆಲಸವಿಲ್ಲದ ತಿಂಗಳಿಗೆ ಕಟ್ಟುವ ತಾಪತ್ರಯವಿಲ್ಲ. ಫಾಂಟುಗಳಲ್ಲಿ ನೋಟೋ, ಬಲೂ ತಮ್ಮ, ಗುಬ್ಬಿ, ನವಿಲು ಇವೆಲ್ಲ ಉಚಿತ, ಕಾನೂನಿನ ತೊಡಕಿಲ್ಲ. ಲಗ್ನಪತ್ರಿಕೆಯ ಹೆಸರುಗಳಿಗೆ ಬಳುಕುವ ಅಕ್ಷರ ಬೇಕೆಂದರೆ ಕನ್ನಡದಲ್ಲಿ ಫಾಂಟ್ ಬರೆಯುವವರಿಂದಲೇ ದುಡ್ಡು ಕೊಟ್ಟು ಕೊಂಡಿದ್ದೇನೆ. ಅಷ್ಟೂ ಒತ್ತಕ್ಷರಗಳನ್ನು ಒಂದೊಂದಾಗಿ ಬಿಡಿಸುವವರು ಬಿಟ್ಟಿ ಕೊಡಲಿ ಎಂದು ಕೇಳುವ ಬಾಯಿ ನನಗಿಲ್ಲ.

ಕೆಟ್ಟರೆ ಯಾರನ್ನು ಕೇಳುವುದು ಎಂಬ ಎರಡನೆಯ ಓದುಗರ ಪ್ರಶ್ನೆಗೆ: ದುಡ್ಡು ಕೊಟ್ಟ ತಂತ್ರಾಂಶದ ಕಸ್ಟಮರ್ ಕೇರಿಗೆ ಫೋನ್ ಮಾಡಿ ನೋಡಿ. ಒಂದು ಒತ್ತಿ, ಎರಡು ಒತ್ತಿ, ಇಂಗ್ಲಿಷ್, ಹಿಂದಿ, ಕೊನೆಗೆ 'ರೀಸ್ಟಾರ್ಟ್ ಮಾಡಿ'. ಅರ್ಕಾವತ್ತು ಜಾರುತ್ತಿದೆ ಎಂದು ಅವರಿಗೆ ಹೇಗೆ ಹೇಳುವುದು? ನಾನು ಕೇಳುವುದು ನಮ್ಮೂರಿನ ಪಾಲಿಟೆಕ್ನಿಕ್ ಓದಿದ ಒಬ್ಬ ಹುಡುಗನನ್ನು. ಅವನು ಬಂದು ಲಿನಕ್ಸ್ ಹಾಕಿದ, ಬ್ಯಾಕಪ್ ಕಟ್ಟಿದ, ಸಿಕ್ಕಿಕೊಂಡಾಗ ಬಂದು ಬಿಡಿಸುತ್ತಾನೆ. ಲೈಸೆನ್ಸಿಗೆ ಹೋಗಬೇಕಿದ್ದ ದುಡ್ಡಿನಲ್ಲಿ ಒಂದು ಪಾಲು ಅವನಿಗೆ ಕೊಡುತ್ತೇನೆ, ಮರ್ಯಾದೆಯಾಗಿ, ಟೀ ಕುಡಿಸಿ ಕಳಿಸುವುದಲ್ಲ. ಉಚಿತ ತಂತ್ರಾಂಶ ಹಾಕಿಸಿ, ಅದನ್ನು ನೋಡಿಕೊಳ್ಳುವವನಿಗೂ ಕಾಸು ಬಿಚ್ಚದವರ ಅಂಗಡಿಯಲ್ಲಿ ಅದು ಮೂರು ತಿಂಗಳೂ ನಿಲ್ಲುವುದಿಲ್ಲ. ಮತ್ತೆ ಪೆನ್‌ಡ್ರೈವಿನವನು ಬರುತ್ತಾನೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ವರ್ಷಗಳಿಂದ ನಡೆದುಬಂದಿದೆ ಎಂದರೆ ಸರ್ಕಾರ ಮೇಷ್ಟ್ರುಗಳಿಗೆ ಕೂರಿಸಿ ಕಲಿಸಿತು, ಅದಕ್ಕೆ. ನಮ್ಮಲ್ಲಿ ತಂತ್ರಾಂಶಕ್ಕೆ ಟೆಂಡರ್ ಕರೆಯುತ್ತಾರೆ, ಕಲಿಸುವವರಿಗೆ ಕರೆಯುವುದಿಲ್ಲ.

ಕಡೆಯದಾಗಿ ತಮ್ಮಂಥವರಲ್ಲೇ ಒಂದು ಅಹವಾಲು. ನಾನು ಯೂನಿಕೋಡಿನಲ್ಲಿ ಮಾಡಿಕೊಟ್ಟ ಅರ್ಜಿಯನ್ನು ಕಚೇರಿಯೊಂದರಲ್ಲಿ 'ನಮ್ಮ ಸಿಸ್ಟಮ್ಮಿನಲ್ಲಿ ಬರೋದು ಹಳೇ ನುಡಿ ಫಾಂಟ್ ಮಾತ್ರ, ಅದರಲ್ಲೇ ತನ್ನಿ' ಎಂದು ವಾಪಸು ಕಳಿಸುತ್ತಾರೆ. ಪತ್ರಿಕೆಯೊಂದರ ಜಾಹೀರಾತು ವಿಭಾಗಕ್ಕೆ ಶ್ರದ್ಧಾಂಜಲಿ ಕಳಿಸಿದರೆ ಆಸ್ಕಿಯಲ್ಲಿ ಬೇಕು, ಆ ಫಾಂಟೇ ಬೇಕು ಎಂದು ರಾತ್ರಿ ಎಂಟಕ್ಕೆ ಫೋನು. ಸಣ್ಣ ಅಂಗಡಿಗಳು ಹಳೆಯ ಪೇಜ್‌ಮೇಕರನ್ನು, ಅದರ ಜೊತೆ ಕ್ರ್ಯಾಕನ್ನು ಬಿಡದೆ ಇಟ್ಟುಕೊಂಡಿರುವುದಕ್ಕೆ ಇವೂ ಕಾರಣ. ತಮ್ಮಲ್ಲಿ ಯಾವ ಪದ್ಧತಿಯೋ ನನಗೆ ತಿಳಿಯದು. ಈ ಪತ್ರವನ್ನು ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡಿ ಕಳಿಸಿದ್ದೇನೆ. ಆಸ್ಕಿಗೆ ತಿರುಗಿಸಿ ಪುಟಕ್ಕೆ ಹಾಕುವುದಾದರೆ ದಯವಿಟ್ಟು 'ಅರ್ಕಾವತ್ತು' ಇರುವ ಸಾಲುಗಳ ಪ್ರೂಫ್ ಒಮ್ಮೆ ನೋಡಿ.

ಇಂತಿ ತಮ್ಮ ಓದುಗಾರ್ತಿ,
ಡಿಟಿಪಿ ಅಂಗಡಿಯವಳು
ಗುಬ್ಬಿ, ತುಮಕೂರು ಜಿಲ್ಲೆ