ರಸ್ತೆಯಂಚಿನ ಜಾಗ ಯಾರಿಗೆ? ರೇಸ್ ಹಾದುಹೋಗುವ ಊರಿನ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ದೊಡ್ಡ ಸೈಕಲ್ ರೇಸೊಂದು ಹಾದುಹೋಗಲಿರುವ ಸಣ್ಣ ಊರಿನ ಹೊಣೆ ಹೊತ್ತವರು ನೀವು. ಇಂಥ ರೇಸುಗಳನ್ನು ರಸ್ತೆಬದಿಯಲ್ಲಿ ನಿಂತು ನೋಡಿದವನು ನಾನು. ಮಾರ್ಗದ ನಕ್ಷೆ ಪ್ರಕಟವಾದ ದಿನದಿಂದ ನಿಮ್ಮ ಮೇಜಿನ ಮೇಲೆ ಕಾಗದಗಳ ರಾಶಿ ಬಿದ್ದಿರುತ್ತದೆ: ಡಾಂಬರು, ಬ್ಯಾರಿಕೇಡು, ಆಂಬುಲೆನ್ಸು, ಪಾರ್ಕಿಂಗು, ಗಣ್ಯರ ಪಟ್ಟಿ. ಆ ರಾಶಿಯಲ್ಲಿ ಈ ಕಾಗದಕ್ಕೂ ಜಾಗವಿರಲಿ. ನನ್ನ ಕೋರಿಕೆ ಒಂದೇ. ರಸ್ತೆಯಂಚಿನ ಒಳ್ಳೆಯ ಜಾಗವನ್ನು ಗಣ್ಯರಿಗೆಂದು ಎತ್ತಿಡಬೇಡಿ. ನುಗ್ಗಿ ಜಾಗ ಹಿಡಿಯಲಾಗದವರಿಗೆ ಅದನ್ನು ಕೊಡಿ: ಮಕ್ಕಳಿಗೆ, ವಯಸ್ಸಾದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಫ್ರಾನ್ಸಿನ ಟೂರ್ ಡಿ ಫ್ರಾನ್ಸ್‌ನಂಥ (ಮುಂದೆ ಬರೀ ‘ಟೂರ್’ ಅನ್ನುತ್ತೇನೆ) ರೇಸಿನಲ್ಲಿ ಈಗ 180ರ ಆಸುಪಾಸು ಸವಾರರಿರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಆ ಗುಂಪು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ ಹದಿನಾಲ್ಕು ಮೀಟರ್ ದಾಟಿದಂತಾಯಿತು. ಗುಂಪು ಒತ್ತಾಗಿದ್ದರೆ ಒಂದು ಜಾಗದಲ್ಲಿ ನಿಂತವರ ಮುಂದೆ ಇಡೀ ರೇಸು ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಜನ ಬೆಳಗ್ಗೆಯಿಂದ ಕಾದಿರುವುದು ಆ ಇಪ್ಪತ್ತು ಸೆಕೆಂಡಿಗೆ. ಆ ಹೊತ್ತಿನಲ್ಲಿ ಯಾರಾದರೂ ಅಡ್ಡ ನಿಂತರೆ ಮತ್ತೆ ನೋಡುತ್ತೇನೆ ಅನ್ನುವ ಹಾಗಿಲ್ಲ. ಆಟ ಹಿಂದಕ್ಕೆ ಬರುವುದಿಲ್ಲ.

ಹೀಗಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನ ಹೆಸರು ಬೇಡ. ಒಂದು ತಿರುವಿನಲ್ಲಿ ನನ್ನ ಪಕ್ಕದಲ್ಲೇ ಒಬ್ಬರು ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಬರುವ ಮೊದಲೇ ಬಂದಿದ್ದರು. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಒಂದೊಂದು ಗೇಣು ಸರಿಸಿಕೊಳ್ಳುತ್ತಿದ್ದರು. ಆದರೆ ಹಗ್ಗದ ಪಕ್ಕದ ಜಾಗ ಮಾತ್ರ ಬಿಟ್ಟಿರಲಿಲ್ಲ. ಸವಾರರು ಬರಲು ಹತ್ತು ನಿಮಿಷ ಇದೆ ಅನ್ನುವಾಗ ಕೊರಳಿಗೆ ಪಾಸು ತೂಗುಹಾಕಿಕೊಂಡ ಎಂಟು ಹತ್ತು ಜನರನ್ನು ಕರೆತಂದು ಹಗ್ಗದ ಒಳಗೆ, ಅಜ್ಜಿಯ ಎದುರಿಗೇ ನಿಲ್ಲಿಸಿದರು. ಯಾರೂ ತಿರುಗಿ ನೋಡಲಿಲ್ಲ. ಹೆಲಿಕಾಪ್ಟರ್ ಸದ್ದು ಬಂತು, ಪೊಲೀಸರ ಬೈಕುಗಳು ಹೋದವು. ಆಮೇಲೆ ದೂರದಿಂದ ಮಳೆ ಬಯಲು ದಾಟಿಕೊಂಡು ಬರುವಾಗ ಕೇಳುತ್ತದಲ್ಲ, ಅಂಥದೇ ಸದ್ದು. ಟೈರುಗಳದ್ದು, ಚೈನುಗಳದ್ದು. ತಿರುವಿಗೆ ಬಂದಾಗ ಬ್ರೇಕುಗಳ ಕಿರುಚು, ಗೇರು ಬದಲಾಯಿಸುವ ಟಕಟಕ, ಜೊತೆಯವರಿಗೆ ಒಬ್ಬ ಸವಾರ ಕೂಗಿದ ಒಂದು ಮಾತು, ಮುಖಕ್ಕೆ ಬಡಿದ ಗಾಳಿ. ಮುಗಿಯಿತು. ಅಜ್ಜಿಗೆ ಕಂಡದ್ದು ಮುಂದೆ ನಿಂತವರ ಬೆನ್ನು. “ಮುಂದಿದ್ದವನು ಯಾರಪ್ಪ?” ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ತಲೆಯಾಡಿಸಿ ಕುರ್ಚಿ ಮಡಚಿಕೊಂಡು ಹೊರಟರು.

ಅಧ್ಯಕ್ಷರೇ, ಆ ಪಾಸಿನವರು ಕೆಟ್ಟವರೇನಲ್ಲ. ಅವರಿಗೆ ಜಾಗ ಮಾಡಿಕೊಟ್ಟವರು ಅಜ್ಜಿಯ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೆ. ಯೋಚಿಸಬೇಕಾದ ಕೆಲಸ ನಿಮ್ಮದು.

ಬೇರೆ ದೊಡ್ಡ ಆಟಗಳಿಗೆ ಗೇಟು ಇದೆ, ಟಿಕೆಟ್ ಇದೆ. ರಸ್ತೆ ರೇಸು ಮಾತ್ರ 1903ರಲ್ಲಿ ಮೊದಲ ಟೂರ್ ನಡೆದಾಗಿನಿಂದ ಇವತ್ತಿನವರೆಗೂ ರಸ್ತೆಬದಿಯ ನೋಡುಗರಿಂದ ಸಾಮಾನ್ಯವಾಗಿ ದುಡ್ಡು ಕೇಳಿಲ್ಲ. ಜಗತ್ತಿನ ದೊಡ್ಡ ದೊಡ್ಡ ಆಟಗಾರರು ತಾವಾಗಿಯೇ ಜನರ ಮನೆಬಾಗಿಲ ಮುಂದೆ ಹಾದುಹೋಗುವ ಆಟ ಇದು. ಆ ಬಾಗಿಲ ಮುಂದೆ ನಾವು ಬೇಲಿ ಹಾಕಿ ಒಳಗೆ ಕೆಲವರನ್ನಷ್ಟೇ ಕೂರಿಸಿದರೆ ಆಟದ ಗುಣವೇ ಕೆಡುತ್ತದೆ.

ಬೆಲ್ಜಿಯಂನ ಗೆರಾರ್ಡ್ಸ್‌ಬರ್ಗೆನ್ ಎಂಬ ಸಣ್ಣ ಊರಿನ ಜನರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲೊಂದು ಕಡಿದಾದ ಕಲ್ಲುಹಾಸಿನ ಏರು ಇದೆ. ಹೆಸರು ‘ಮೂರ್’, ಅಂದರೆ ಗೋಡೆ. ತುದಿಯಲ್ಲಿ ಪುಟ್ಟ ಪ್ರಾರ್ಥನಾಮಂದಿರ. ಟೂರ್ ಆಫ್ ಫ್ಲಾಂಡರ್ಸ್ ರೇಸಿನ ಹಣೆಬರಹ ಎಷ್ಟೋ ವರ್ಷ ಆ ಏರಿನಲ್ಲೇ ನಿರ್ಧಾರವಾಗುತ್ತಿತ್ತು. 2012ರಲ್ಲಿ ಸಂಘಟಕರು ರೇಸಿನ ಮುಕ್ತಾಯವನ್ನು ಔಡೆನಾರ್ಡೆಗೆ ಒಯ್ದು, ಬೇರೆ ಎರಡು ಏರುಗಳನ್ನು ಸುತ್ತಿ ಸುತ್ತಿ ಹತ್ತುವ ಹಾಗೆ ಮಾರ್ಗ ಬದಲಿಸಿದರು. ಸುತ್ತು ಹಾಕಿದರೆ ದುಡ್ಡು ಕೊಟ್ಟು ಗಣ್ಯರ ಡೇರೆಗಳಲ್ಲಿ ಕೂತವರು ಅದೇ ರೇಸನ್ನು ಹಲವು ಸಲ ನೋಡಬಹುದು. ಮೂರ್ ಮಾರ್ಗದಿಂದಲೇ ಬಿಟ್ಟುಹೋಯಿತು. ಊರಿನವರು ಆ ಏರಿಗೆ ಅಣಕು ಶವಯಾತ್ರೆ ಮಾಡಿದರು. ಒಂದು ರಸ್ತೆಗೆ! ರೇಸು ಬರುವುದು ವರ್ಷಕ್ಕೊಂದು ದಿನ, ನೋಡಲು ಸಿಗುವುದು ಕೆಲವು ನಿಮಿಷ. ಆದರೂ ಅದು ಇನ್ನು ಬರುವುದಿಲ್ಲ ಅಂದಾಗ ಮನೆಯವರನ್ನೇ ಕಳೆದುಕೊಂಡಷ್ಟು ಸಂಕಟ ಅವರಿಗೆ. 2017ರಲ್ಲಿ ಮೂರ್ ಮತ್ತೆ ಮಾರ್ಗಕ್ಕೆ ಸೇರಿತು. ಆದರೆ ಮುಕ್ತಾಯದಿಂದ ಬಹಳ ದೂರದಲ್ಲಿ. ಮೊದಲಿನ ಪಟ್ಟ ಸಿಗಲಿಲ್ಲ. ಡೇರೆಗಳಿಂದ ಬರುವ ದುಡ್ಡಿಲ್ಲದೆ ರೇಸು ನಡೆಸುವುದು ಕಷ್ಟ ಅನ್ನುವ ಸಂಘಟಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಡೇರೆ ಎಲ್ಲಿರಬೇಕು, ಎಲ್ಲಿರಬಾರದು ಎಂದು ಹೇಳುವ ಅಧಿಕಾರ ನಿಮಗಿದೆ. ಅದನ್ನು ಬಳಸಿ.

ಮಗುವಿಗೆ ಹಗ್ಗದ ಪಕ್ಕದ ಜಾಗ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2021ರ ಏಪ್ರಿಲ್‌ನಲ್ಲಿ ಸ್ವಿಸ್ ಸವಾರ ಮಿಖಾಯೆಲ್ ಶೇರ್ ಅದೇ ಫ್ಲಾಂಡರ್ಸ್ ರೇಸಿನಲ್ಲಿ ತನ್ನ ಖಾಲಿ ನೀರಿನ ಬಾಟಲಿಯನ್ನು ರಸ್ತೆಬದಿಯ ಅಭಿಮಾನಿಗಳತ್ತ ಎಸೆದ. ಕಸ ತಡೆಯಲೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆಗಷ್ಟೇ ಹೊಸ ನಿಯಮ ತಂದಿತ್ತು. ಅವನನ್ನು ರೇಸಿನಿಂದಲೇ ಹೊರಹಾಕಿದರು. ಅವನೂ ಒಂದು ಬಹಿರಂಗ ಪತ್ರ ಬರೆದ. 1997ರಲ್ಲಿ ಅಪ್ಪ ಅಮ್ಮನ ಜೊತೆ ಟೂರ್ ನೋಡಲು ಹೋಗಿದ್ದಾಗ ಸವಾರನೊಬ್ಬ ಎಸೆದ ಹಳದಿ ಬಾಟಲಿ ತನ್ನ ಕೈ ಸೇರಿದ್ದನ್ನೂ, ಆ ಬಾಟಲಿಯೇ ತನ್ನನ್ನು ಸೈಕಲ್ಲಿನತ್ತ ಎಳೆದದ್ದನ್ನೂ ಅದರಲ್ಲಿ ಹೇಳಿಕೊಂಡ. ಕೆಲವೇ ದಿನಗಳಲ್ಲಿ ಆ ಶಿಕ್ಷೆಯನ್ನು ಸಡಿಲಿಸಿದರು. ಆ ಹುಡುಗನನ್ನು ಅಂದು ಯಾರಾದರೂ ಹಿಂದಿನ ಸಾಲಿಗೆ ತಳ್ಳಿದ್ದರೆ ಬಾಟಲಿ ಬೇರೆ ಯಾರದೋ ಪಾಲಾಗುತ್ತಿತ್ತು.

ಮಕ್ಕಳನ್ನು ಮುಂದೆ ನಿಲ್ಲಿಸಿ ಅಂದ ಮೇಲೆ ಅವರ ಸುರಕ್ಷತೆಯ ಮಾತನ್ನೂ ಆಡಲೇಬೇಕು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸವಾರರು ಬರುವ ಎರಡು ಗಂಟೆ ಮುಂಚೆ. ಟೂರ್‌ನಲ್ಲಿ 1930ರಿಂದಲೂ ಸವಾರರಿಗಿಂತ ಮುಂಚೆ ಜಾಹೀರಾತು ವಾಹನಗಳ ಮೆರವಣಿಗೆ ಹೋಗುತ್ತದೆ. ಅವುಗಳಿಂದ ಟೊಪ್ಪಿಗೆ, ಕೀಲಿಗೊಂಚಲು, ಮಿಠಾಯಿ ಎಸೆಯುತ್ತಾರೆ. ಮಕ್ಕಳು ಓಡುವುದು ಅದಕ್ಕೆ. 2000 ಮತ್ತು 2002ರಲ್ಲಿ ಆ ವಾಹನಗಳಡಿ ಸಿಕ್ಕಿ ಇಬ್ಬರು ಮಕ್ಕಳು ತೀರಿಕೊಂಡರು. ಎರಡನೆಯ ಮಗುವಿಗೆ ಏಳು ವರ್ಷ. ಈ ಸಾಲು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯುತ್ತಿದ್ದೇನೆ. ನಿಮ್ಮ ರೇಸಿನಲ್ಲೂ ಅಂಥ ಮೆರವಣಿಗೆ ಇದ್ದರೆ ಊರೊಳಗೆ ಏನನ್ನೂ ಎಸೆಯಕೂಡದು, ಕೈಗೇ ಕೊಡಬೇಕು ಎಂದು ಲಿಖಿತವಾಗಿ ಷರತ್ತು ಹಾಕಿ. ಮಕ್ಕಳ ಸಾಲಿನ ಮುಂದೆ ಹಗ್ಗ ಸಾಲದು, ಬ್ಯಾರಿಕೇಡೇ ಬೇಕು. ಅದರ ಕಾಲು ರಸ್ತೆಯೊಳಗೆ ಚಾಚಿಕೊಳ್ಳಬಾರದು. ಸವಾರನ ಪೆಡಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಸಿಬ್ಬಂದಿಗೂ ನಾಲ್ಕು ಮಾತು ಹೇಳಿರಿ. 1994ರಲ್ಲಿ ಆರ್ಮಾಂತಿಯೇರ್ ಊರಿನಲ್ಲಿ ಟೂರ್‌ನ ಒಂದು ಹಂತ ಮುಗಿಯುವಾಗ, ಕಾವಲಿಗೆಂದೇ ನಿಂತಿದ್ದ ಪೊಲೀಸ್ ಒಬ್ಬ ಫೋಟೋ ತೆಗೆಯಲು ಹೋಗಿ ರಸ್ತೆಯೊಳಗೆ ಬಾಗಿದ. ಸವಾರ ವಿಲ್‌ಫ್ರೀಡ್ ನೆಲಿಸೆನ್ ತಲೆ ತಗ್ಗಿಸಿಕೊಂಡು ಪೂರ್ತಿ ವೇಗದಲ್ಲಿ ಬಂದು ಅವನಿಗೆ ಗುದ್ದಿದ. ಆ ಅಪಘಾತದಲ್ಲಿ ಇನ್ನೊಬ್ಬ ಸವಾರ ಲೊರಾಂ ಜಲಾಬೇರ್‌ನ ಹಲ್ಲುಗಳು ಮುರಿದವು. 2021ರ ಟೂರ್‌ನ ಮೊದಲ ದಿನ ಅಜ್ಜ ಅಜ್ಜಿಗೆ ಟಿವಿಯಲ್ಲಿ ಕಾಣಲಿ ಎಂದು ಒಬ್ಬರು ರಟ್ಟಿನ ಫಲಕವನ್ನು ಕ್ಯಾಮೆರಾ ಕಡೆಗೆ ಹಿಡಿದಿದ್ದರು. ಸವಾರರು ಬರುವ ದಿಕ್ಕಿಗೆ ಬೆನ್ನು. ಟೋನಿ ಮಾರ್ಟಿನ್ ಆ ಫಲಕಕ್ಕೆ ತಾಗಿ ಬಿದ್ದ, ಅವನ ಹಿಂದೆ ಹತ್ತಾರು ಸವಾರರು ಉರುಳಿಬಿದ್ದರು. ಇವರಾರಿಗೂ ಕೆಡುಕು ಮಾಡುವ ಮನಸ್ಸಿರಲಿಲ್ಲ. ಸವಾರರು ಬರುವ ಕಡೆಗೇ ಮುಖ ಮಾಡಿ ನಿಲ್ಲಿ, ಫೋನು ಹಿಡಿದ ಕೈ ಹಗ್ಗದ ಆಚೆ ಚಾಚಬೇಡಿ, ನಾಯಿಯನ್ನು ಕಟ್ಟಿಹಾಕಿ ಬನ್ನಿ. ಈ ಮೂರು ಮಾತು ಒಂದು ವಾರ ಮೊದಲೇ ಪ್ರತಿ ಮನೆಗೂ ತಲುಪಲಿ. ರಸ್ತೆ ಬಂದ್ ಆಗುವ ವೇಳೆಯೂ ಅದೇ ಚೀಟಿಯಲ್ಲಿರಲಿ. ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ, ಹೆರಿಗೆಯ ದಿನ ಹತ್ತಿರವಿರುವವರಿಗೆ ಆ ದಿನದ ದಾರಿ ಯಾವುದು ಎಂದು ಮೊದಲೇ ಗೊತ್ತಿರಬೇಕು.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಜನರೇ ಮಾಡಿಕೊಳ್ಳುತ್ತಾರೆ. 2014ರಲ್ಲಿ ಟೂರ್ ಇಂಗ್ಲೆಂಡಿನ ಯಾರ್ಕ್‌ಷೈರ್‌ನಿಂದ ಹೊರಟಾಗ ಊರೂರಿನ ಜನ ಹಳೆಯ ಸೈಕಲ್ಲುಗಳಿಗೆ ಹಳದಿ ಬಣ್ಣ ಬಳಿದು ಗೋಡೆಗಳ ಮೇಲೆ ನಿಲ್ಲಿಸಿದರು. ಉಣ್ಣೆಯಲ್ಲಿ ಅಂಗೈಯಗಲದ ಜೆರ್ಸಿಗಳನ್ನು ಹೆಣೆದು ತೋರಣ ಕಟ್ಟಿದರು. ಮ್ಯಾಸಮ್ ಎಂಬ ಊರಿನಲ್ಲಿ ಮಳೆಗೆ ನೆಂದ ಉಣ್ಣೆಯ ಭಾರವನ್ನು ದೀಪದ ಕಂಬಗಳು ತಾಳಲಾರವೇನೋ ಎಂಬ ಭಯದಿಂದ ಆಡಳಿತ ಅವನ್ನು ಬಿಚ್ಚಿಸಿತು. ಭಯ ಸರಿಯೇ ಇರಬಹುದು. ಆದರೆ ಹೆಣೆದವರಿಗೆ ಎಷ್ಟು ಬೇಸರವಾಗಿರಬೇಕು! ಎಲ್ಲಿ ಕಟ್ಟಬಹುದು, ಎಲ್ಲಿ ಬೇಡ ಎಂದು ತಿಂಗಳ ಮೊದಲೇ ಹೇಳಿಬಿಡಿ. ಆಮೇಲೆ ಕೈಹಾಕಬೇಡಿ.

ಇನ್ನು ನೀವು ಎಲ್ಲಿ ನಿಲ್ಲಬೇಕು ಅನ್ನುವುದು. ದಯವಿಟ್ಟು ವೇದಿಕೆ ಕಟ್ಟಿಸಬೇಡಿ. ಸವಾರರು ನಿಲ್ಲುವುದಿಲ್ಲ, ಹಾರ ಹಾಕಿಸಿಕೊಳ್ಳುವುದಿಲ್ಲ, ಭಾಷಣ ಕೇಳುವುದಿಲ್ಲ. ಆ ವೇದಿಕೆಯ ಜಾಗದಲ್ಲಿ ಎರಡು ಶಾಲೆಯ ಮಕ್ಕಳು ನಿಲ್ಲಬಹುದು. ಗಾಲಿಕುರ್ಚಿಗಳಿಗೆ ಇಳಿಜಾರು ಹಲಗೆ ಹಾಕಿಸಿ. ಕೂರಲೇಬೇಕಾದವರಿಗೆ ಮುಂದಿನ ಸಾಲಿನಲ್ಲಿ ಬೆಂಚು, ಅವರ ಹಿಂದೆ ನಿಂತು ನೋಡುವವರು. ನೀವು ಆ ನಿಂತವರ ಸಾಲಿನಲ್ಲಿರಿ. ಮಹಿಳೆಯರ ರೇಸೂ ಅದೇ ರಸ್ತೆಯಲ್ಲಿ ಬರುವುದಾದರೆ ಇದೇ ಏರ್ಪಾಡು ಅದಕ್ಕೂ ಪೂರ್ತಿಯಾಗಿ ಇರಲಿ. ಹೆಣ್ಣುಮಕ್ಕಳು ಅವರನ್ನು ಹತ್ತಿರದಿಂದ ನೋಡಬೇಕು.

ಕೊನೆಯದಾಗಿ ಒಂದು ಚಿಕ್ಕ ಬೇಡಿಕೆ. ರೇಸಿನ ಬಾಲದಲ್ಲಿ ಒಂದು ವ್ಯಾನು ಬರುತ್ತದೆ, ‘ಪೊರಕೆ ವ್ಯಾನು’ ಅನ್ನುತ್ತಾರೆ. ದಣಿದು ಇಳಿದ ಸವಾರರನ್ನು ಹತ್ತಿಸಿಕೊಂಡು ಹೋಗುವ ಗಾಡಿ. ಅದು ಹೋದ ಮೇಲೆ ಪೊಲೀಸರು ಬ್ಯಾರಿಕೇಡ್ ಎತ್ತಿ ರಸ್ತೆ ತೆರೆಯಲು ಅವಸರ ಮಾಡುತ್ತಾರೆ. ಒಂದೇ ಒಂದು ಗಂಟೆ ತಡೆಯಿರಿ. ಸೀಟಿ ಹಿಡಿದ ಸ್ವಯಂಸೇವಕರು ತಮ್ಮ ತಮ್ಮ ಜಾಗದಲ್ಲೇ ಇರಲಿ. ಮನೆಯಿಂದ ಸೈಕಲ್ ತರಲು ಮಕ್ಕಳಿಗೆ ಹೇಳಿರಿ. ಗಾಡಿಗಳಿಲ್ಲದ ರಸ್ತೆ, ಎರಡೂ ಕಡೆ ಇನ್ನೂ ಚದುರದ ಜನ, ಮುಕ್ಕಾಲು ಗಂಟೆಯ ಹಿಂದೆ ಆ ಸವಾರರು ವಾಲಿದ ಅದೇ ತಿರುವು. ಅಲ್ಲಿ ಮಕ್ಕಳು ಸೈಕಲ್ ಓಡಿಸಲಿ, ಊರಿನವರು ಚಪ್ಪಾಳೆ ತಟ್ಟಲಿ.

ವಿಶ್ವಾಸದಿಂದ,
ರಸ್ತೆಬದಿಯ ನೋಡುಗ