ಮಗಳಿಗೊಂದು ಪತ್ರ: ಅವಸರದಲ್ಲಿ ಕೊಟ್ಟ ಉತ್ತರ

ಪುಟ್ಟಿ,

ಮೊನ್ನೆ ಫೋನಿನಲ್ಲಿ ‘ಜೀನ್ ತಿದ್ದೋದು ತಪ್ಪಲ್ವಾ ಅಮ್ಮಾ?’ ಅಂತ ಕೇಳಿದೆ. ‘ಕ್ಯಾನ್ಸರ್‌ಗಾದರೆ ಏನು ತಪ್ಪು?’ ಅಂದುಬಿಟ್ಟೆ. ಅಷ್ಟು ಬೇಗ ಹೇಳಬಾರದಿತ್ತು.

ನನ್ನ ತಲೆಯಲ್ಲಿದ್ದದ್ದು ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 2022ರಲ್ಲಿ ಚಿಕಿತ್ಸೆ ಪಡೆದ 13 ವರ್ಷದ ಹುಡುಗಿ. ಅವಳದು ರಕ್ತದ ಕ್ಯಾನ್ಸರ್, ಅದೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ-ಕೋಶಗಳದ್ದು. ಕೀಮೋ ಆಯಿತು, ಅಸ್ಥಿಮಜ್ಜೆ ಕಸಿಯೂ ಆಯಿತು. ರೋಗ ಮತ್ತೆ ಬಂತು. ಆಗ ದಾನಿಯೊಬ್ಬರ ಆರೋಗ್ಯವಾದ ಟಿ-ಕೋಶಗಳನ್ನು ತಂದು, ಅವುಗಳ ಡಿಎನ್‌ಎಯಲ್ಲಿ ಕಾಗುಣಿತ ತಿದ್ದಿದ ಹಾಗೆ ಕೆಲವೇ ಅಕ್ಷರ ಬದಲಿಸಿದರು. ಇದಕ್ಕೆ ಬೇಸ್ ಎಡಿಟಿಂಗ್ ಅನ್ನುತ್ತಾರೆ.

ಅದರಲ್ಲಿ ಒಂದು ತಿದ್ದುಪಡಿ ನನಗೆ ತುಂಬ ಹಿಡಿಸಿತು. ಕ್ಯಾನ್ಸರ್ ಆಗಿರುವುದೂ ಟಿ-ಕೋಶ, ಅದನ್ನು ಕೊಲ್ಲಲು ಹೊರಟಿರುವುದೂ ಟಿ-ಕೋಶ. ಎರಡರ ಮೈಮೇಲೂ ಸಿಡಿ7 ಎಂಬ ಒಂದೇ ಗುರುತು. ಕೊಲ್ಲುವ ಕೋಶ ಹುಡುಕಿ ಹೊಡೆಯುವುದೂ ಅದೇ ಗುರುತನ್ನು. ಹಾಗೇ ಬಿಟ್ಟರೆ ದಾನಿಯ ಕೋಶಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತವೆ! ಅದಕ್ಕೇ ಮೊದಲು ಅವುಗಳಿಂದ ಆ ಗುರುತನ್ನೇ ಅಳಿಸಿದರು. 28 ದಿನಕ್ಕೆ ಕ್ಯಾನ್ಸರ್ ಹಿಮ್ಮೆಟ್ಟಿತ್ತು. ಆಮೇಲೆ ಮತ್ತೊಂದು ಕಸಿ.

ಈ ತಿದ್ದುಪಡಿ ಅವಳಲ್ಲೇ ಮುಗಿಯುತ್ತದೆ, ಮುಂದೆ ಅವಳ ಮಕ್ಕಳಿಗೆ ಹೋಗುವುದಿಲ್ಲ. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ 2018ರಲ್ಲಿ ಮಾಡಿದ್ದು ಬೇರೆಯೇ. ಭ್ರೂಣದಲ್ಲೇ ಜೀನ್ ತಿದ್ದಿದ, ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ವಾಸಿ ಮಾಡಬೇಕಾದ ಕಾಯಿಲೆಯೇ ಅಲ್ಲಿರಲಿಲ್ಲ. ಮುಂದೆಂದೂ ಎಚ್‌ಐವಿ ತಗಲದಿರಲಿ ಅನ್ನುವುದು ಅವನ ವಾದ. ಅವನಿಗೆ 3 ವರ್ಷ ಜೈಲಾಯಿತು. ಸರಿಯಾಗೇ ಆಯಿತು.

ಇಲ್ಲಿಯವರೆಗೆ ನನ್ನ ಉತ್ತರ ನಿಲ್ಲುತ್ತದೆ. ಆದರೆ ಬಿಆರ್‌ಸಿಎ1 ಜೀನ್ ನೆನಪಾದ ಮೇಲೆ ನಿದ್ದೆ ಬರಲಿಲ್ಲ. ಅದರಲ್ಲಿ ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ತಾಯಿಗೆ ಆ ದೋಷವಿದ್ದರೆ ಅದು ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾದರೆ ಭ್ರೂಣದಲ್ಲೇ ತಿದ್ದಿಬಿಡಬಹುದಲ್ಲ? ಇದೂ ಕ್ಯಾನ್ಸರ್‌ಗೇ ತಾನೇ?

ಆದರೆ ದೋಷವಿದ್ದವರಿಗೆಲ್ಲ ಕ್ಯಾನ್ಸರ್ ಬಂದೇ ಬರುತ್ತದೆ ಅಂತಿಲ್ಲ. ತಿದ್ದುವಾಗ ಬೇರೆಲ್ಲೋ ಕೈತಪ್ಪಿದರೆ ಆ ತಪ್ಪು ಮಗಳಿಗೆ, ಅವಳ ಮಕ್ಕಳಿಗೆ, ಹೀಗೇ ಇಳಿಯುತ್ತಾ ಹೋಗುತ್ತದೆ. ಆ ಲಂಡನ್ ಹುಡುಗಿಯನ್ನು ಕೂರಿಸಿಕೊಂಡು ಕೇಳಬಹುದಿತ್ತು. ಇನ್ನೂ ಹುಟ್ಟದ ಇವರನ್ನು ಯಾರು ಕೇಳೋದು?

ಇಷ್ಟೆಲ್ಲ ಗೊತ್ತಿದ್ದೂ, ನೀನು ಹುಟ್ಟುವ ಮೊದಲು ಯಾರಾದರೂ ಕಾಗದ ಮುಂದಿಟ್ಟಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆನೇನೋ. ಹೆದರಿಕೊಂಡ ತಾಯಿ ಜಾಸ್ತಿ ಓದಲ್ಲ ಕಣೇ. ಹಾಗೆ ಮಾಡಿದ್ದರೆ ನಿನಗೆ ನನ್ನ ಮೇಲೆ ಕೋಪ ಬರುತ್ತಿತ್ತಾ? ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ ಅಮ್ಮ