ಮುಟ್ಟದೆಯೂ ಕೊಂದಂತಾಗದೇ?

ಮಾನ್ಯ ಸಂಪಾದಕರೇ,

ಮಚ್ಚು ಹಿಡಿದು ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಓಡಿದವನು ಲಾರಿಯಡಿ ಸಿಕ್ಕಿ ಸತ್ತರೆ, ‘ನಾವು ಅವನ ಮೈ ಮುಟ್ಟಲೇ ಇಲ್ಲ’ ಎಂಬ ವಾದ ಬಂದೇ ಬರುತ್ತದೆ. ಮುಟ್ಟದಿದ್ದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. 1971ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಕಿರುಕುಳಕ್ಕೆ ಹೆದರಿ ಓಡುತ್ತಿದ್ದ ಕಾರಿನಿಂದ ಹಾರಿ ಗಾಯಗೊಂಡ ಯುವತಿಯ ಪ್ರಕರಣದಲ್ಲಿ ಆರೋಪಿಯನ್ನೇ ಹೊಣೆ ಮಾಡಿತು. ಯಾರೂ ಊಹಿಸಲಾಗದಂಥ ಹುಚ್ಚು ಕೆಲಸವನ್ನು ಸಂತ್ರಸ್ತರು ಮಾಡಿದ್ದರೆ ಮಾತ್ರ ಆರೋಪಿಗೆ ವಿನಾಯಿತಿ ಎಂದಿತು.

ನಮ್ಮ ಸುಪ್ರೀಂ ಕೋರ್ಟ್ 1979ರ ತೀರ್ಪೊಂದರಲ್ಲಿ ಸಾಕ್ಷ್ಯದ ವಿಷಯದಲ್ಲಿ ಇದಕ್ಕಿಂತ ಬಿಗಿಯಾಗಿತ್ತು. ಬೆನ್ನಟ್ಟಿದವರು 15–20 ಅಡಿ ದೂರವಿದ್ದಾಗ ವ್ಯಕ್ತಿಯೊಬ್ಬ ಬಾವಿಗೆ ಹಾರಿ ಸತ್ತಿದ್ದ. ಹಾರದೆ ಬೇರೆ ದಾರಿಯೇ ಇರಲಿಲ್ಲ ಎನ್ನಲು ಸಾಕ್ಷ್ಯವಿಲ್ಲವೆಂದು ಆ ಸಾವಿನ ಮಟ್ಟಿಗೆ ಕೊಲೆ ಆರೋಪ ನಿಲ್ಲಲಿಲ್ಲ. ತತ್ವ ಸರಿಯೇ, ಆದರೆ ಆ ಅಂತರ ನನಗೆ ಅರಗುವುದಿಲ್ಲ. ಇಪ್ಪತ್ತು ಅಡಿ ಎಂದರೆ ಓಡುವವನಿಗೆ ನಾಲ್ಕೈದು ಹೆಜ್ಜೆ. ಜೀವ ಕೈಯಲ್ಲಿ ಹಿಡಿದು ಓಡುವವನು ದಾರಿಗಳನ್ನು ಎಣಿಸುತ್ತಾ ನಿಲ್ಲುತ್ತಾನೆಯೇ?

ಬರೀ ಬೈದು ಗದರಿಸಿದವನನ್ನು ಕೊಲೆಗಾರ ಎನ್ನಬೇಕೆಂದು ನನ್ನ ವಾದವಲ್ಲ. ನರಹತ್ಯೆಯ ಅಪರಾಧ ಯಾವುದೆಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಮು ಉದ್ದೇಶವನ್ನಷ್ಟೇ ಅಲ್ಲ, ಸಾವು ಸಂಭವಿಸಬಹುದೆಂಬ ಅರಿವನ್ನೂ ಪರಿಗಣಿಸುತ್ತದೆ. ಆ ಅರಿವು ಆರೋಪಿಗಿತ್ತೇ ಎಂಬುದನ್ನು ಸಾಬೀತುಪಡಿಸಲು ಒಳ್ಳೆಯ ಸ್ಥಳ ಮಹಜರು ಬೇಕು. ಬೆನ್ನಟ್ಟಿದವರು ಎಷ್ಟು ಜನ, ಕೈಯಲ್ಲಿ ಏನಿತ್ತು, ಬೆಳಕು ಎಷ್ಟಿತ್ತು, ತಪ್ಪಿಸಿಕೊಳ್ಳಲು ಯಾವ ಕಡೆ ತೆರವಿತ್ತು ಎಂಬುದನ್ನು ತನಿಖಾಧಿಕಾರಿಗಳು ಮೊದಲ ದಿನವೇ ನಕ್ಷೆ ಸಹಿತ ದಾಖಲಿಸಲಿ.

– ಓರ್ವ ಓದುಗ